ಎಣ್ಣೆ ಕುಡಿಯದ ಕಾರು

ಬೆಳಿಗ್ಗೆ ಎದ್ದ ಕೂಡಲೇ ಸಾಹೇಬರು ಎರಡು ಜೀವಗಳ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮೊದಲು ಹೆಂಡತಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ ಮುಳ್ಳು ನೋಡುವರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೋಗಿ ಕಾರಿನ ಬಾನೆಟ್ಟು ಎತ್ತುವರು. ಎಂಜಿನ್ನಿನ ಹೊಟ್ಟೆಯೊಳಗಿನಿಂದ ಎಣ್ಣೆಯ ಅಳತೆಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ಬೆಳಕಿಗೆ ಹಿಡಿಯುವರು. ಹೆಂಡತಿಯ ತೂಕ ಏರಿದ್ದರೆ ಅವರ ಮುಖ ಬಾಡುತ್ತಿತ್ತು. ಕಾರಿನ ಎಣ್ಣೆ ಏರಿದ್ದರೆ ಅದೇ ಮುಖ ಅರಳುತ್ತಿತ್ತು. ಇವೆರಡನ್ನೂ ಒಬ್ಬನೇ ಮನುಷ್ಯ, ಒಂದೇ ಕನ್ನಡಕದಲ್ಲಿ, ಕಾಲು ಗಂಟೆಯ ಅಂತರದಲ್ಲಿ ಮಾಡುತ್ತಿದ್ದರೂ ಇದರಲ್ಲೇನೋ ಎಡವಟ್ಟಿದೆ ಎಂದು ಅವರಿಗೆ ಬಹುಕಾಲ ಹೊಳೆಯಲಿಲ್ಲ.

ಅವರು ಸಾಹೇಬರಾದದ್ದು ಲಿಫ್ಟುಗಳಿಂದ. ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ತಪಾಸಣೆ ಮಾಡಿ, ಇದು ಜನರನ್ನು ಹೊರಲು ಯೋಗ್ಯ ಎಂದು ಸಹಿ ಹಾಕುವ ಕೆಲಸದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು. ತಾವು ಸಹಿ ಹಾಕಬೇಕಾದ ಲಿಫ್ಟಿನಲ್ಲಿ ಮೇಲಕ್ಕೆ ಹೋಗುತ್ತಿದ್ದರು, ಅದು ಕರ್ತವ್ಯ. ಸಹಿ ಹಾಕಿದ ಮೇಲೆ ಮೆಟ್ಟಿಲಿಳಿದು ಬರುತ್ತಿದ್ದರು, ಅದು ವಿವೇಕ. ಬೀದಿಯವರು ಹಿಂದೆ ನಗುತ್ತಲೇ ‘ಲಿಫ್ಟ್ ಸಾಹೇಬರು’ ಎನ್ನುತ್ತಿದ್ದರು. ಆ ನಗು ಸವೆದು ಹೋಗಿ ಈಗ ಬರೀ ‘ಸಾಹೇಬರು’ ಉಳಿದಿತ್ತು.

ಹೆಂಡತಿಯ ಎರಡೂ ಕಿಡ್ನಿಗಳು ಕೈಚೆಲ್ಲಿ ಕೂತು ಕೆಲವು ವರ್ಷಗಳಾಗಿದ್ದವು. ವಾರಕ್ಕೆ ಮೂರು ಸಲ ಆಕೆ ಡಯಾಲಿಸಿಸ್ ಕೇಂದ್ರದಲ್ಲಿ ಯಂತ್ರದ ಪಕ್ಕ ಮಲಗಿ, ಮೈಯಲ್ಲಿನ ರಕ್ತವನ್ನೆಲ್ಲ ಅದರೊಳಗೆ ಹಾಯಿಸಿ, ತೊಳೆಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ. ಎರಡು ತಪ್ಪಿದರೆ ಉಸಿರು ಕಟ್ಟುತ್ತದೆ. ಮೂರರ ಮಾತನ್ನು ವೈದ್ಯರು ಎತ್ತಿರಲಿಲ್ಲ, ಸಾಹೇಬರು ಕೇಳಿರಲಿಲ್ಲ. ಆದ್ದರಿಂದ ಒಂದು ಕಾರು ಬೇಕಾಯಿತು. ಚೆಂದವಿರಬೇಕು, ಬಣ್ಣ ಇಂಥದಿರಬೇಕು ಎಂಬ ಹಂಬಲವೇನೂ ಇರಲಿಲ್ಲ. ಅದು ಕೈಕೊಡಬಾರದು, ಅಷ್ಟೇ.

ಆ ಅಷ್ಟೇ ಎಂಬುದಕ್ಕೆ ಅವರು ಸುಮಾರು ಒಂದು ವರ್ಷ ಓದಿದರು. ಮಗಳಿಗೆ ಗಂಡು ಹುಡುಕುವವರೂ ಅಷ್ಟು ವಿಚಾರಿಸಲಾರರು. ಯಾವ ಎಂಜಿನ್ನಿನ ಟೈಮಿಂಗ್ ಚೈನು ಸಡಿಲಾಗುತ್ತದೆ, ಯಾವುದರ ಟರ್ಬೊ ಅಲ್ಪಾಯುಷಿ, ಯಾವ ಗೇರ್‌ಬಾಕ್ಸು ಮುಪ್ಪಿನಲ್ಲಿ ಸಿಡುಕುತ್ತದೆ ಎಂಬುದೆಲ್ಲ ಅವರಿಗೆ ನೆಂಟರಿಷ್ಟರ ಜಾತಕಕ್ಕಿಂತ ಚೆನ್ನಾಗಿ ಬಾಯಿಗೆ ಬರತೊಡಗಿತು. ಕೊನೆಗೆ ಒಪ್ಪಿಗೆಯಾದದ್ದು ದೊಡ್ಡ ಕಂಪನಿಯ ಅಧಿಕಾರಿಯೊಬ್ಬರು ಓಡಾಡಿದ್ದ, ಕಡುನೀಲಿ ಬಣ್ಣದ ಡೀಸೆಲ್ ಎಕ್ಸಿಕ್ಯೂಟಿವ್ ಸೆಡಾನು. ಎರಡು ಲೀಟರು, ನಾಲ್ಕು ಸಿಲಿಂಡರು, ಆರು ಗೇರು, ಗೇರು ಬದಲಿಸುವುದು ಕೈಯಿಂದಲೇ. ಐದು ಜನ, ಐವರ ಪೆಟ್ಟಿಗೆ ತುಂಬಿದರೂ ಏರಿನಲ್ಲಿ ಏದುಸಿರು ಬಿಡದಷ್ಟು ಟಾರ್ಕು. ಹೆದ್ದಾರಿಯಲ್ಲಿ ಭೂಮಿಯನ್ನು ಹಲವು ಸಲ ಸುತ್ತುವಷ್ಟು ದೂರ ಓಡಿಯೂ ಆ ಎಂಜಿನ್ನು ಎಣ್ಣೆ ಕುಡಿಯುತ್ತಿರಲಿಲ್ಲ, ಹೊಗೆ ಉಗುಳುತ್ತಿರಲಿಲ್ಲ. ಅದು ಆರೋಗ್ಯವಾಗಿದ್ದದ್ದೇ ಹಾಗೆ ಓಡಿದ್ದರಿಂದ ಎಂಬುದನ್ನು ಮಾರಿದವನು ಹೇಳಲಿಲ್ಲ, ಅವನಿಗೂ ಗೊತ್ತಿದ್ದಂತಿಲ್ಲ.

ಸಾಹೇಬರು ಆ ಬಡಪಾಯಿಗೆ ಆರಾಮ ಕೊಟ್ಟರು. ಮನೆಯಿಂದ ಡಯಾಲಿಸಿಸ್ ಕೇಂದ್ರಕ್ಕೆ, ಅಲ್ಲಿಂದ ಮನೆಗೆ. ಅದೂ ಹಾಲಿನ ಪಾತ್ರೆ ಹೊತ್ತವರ ನಡಿಗೆಯಲ್ಲಿ. ಮಿಕ್ಕ ದಿನಗಳಲ್ಲಿ, ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಬೆಳಿಗ್ಗೆ ಶೆಡ್ಡಿನಲ್ಲೇ ಸ್ವಲ್ಪ ಹೊತ್ತು ಎಂಜಿನ್ನು ಓಡಿಸಿ, ಕಿವಿಗೊಟ್ಟು ಕೇಳಿ, ಆರಿಸಿ, ಹೊದಿಕೆ ಹೊದಿಸುತ್ತಿದ್ದರು. ಇದನ್ನು ಕಂಡು ಭಾವಮೈದನಿಗೆ, ಎಂದರೆ ಹೆಂಡತಿಯ ತಮ್ಮನಿಗೆ, ಹಬ್ಬವೋ ಹಬ್ಬ. ಅವನದು ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಅಂಗಡಿ. ಅವನ ಪುಟ್ಟ ಪೆಟ್ರೋಲ್ ಕಾರು ನಾಲ್ಕೂ ಕಡೆ ನೆಗ್ಗಿತ್ತು. ಅದರ ಎಣ್ಣೆ ಕಡೆಯದಾಗಿ ಯಾವಾಗ ಬದಲಾಯಿತೆಂದು ಕೇಳಿದರೆ, ಅದಕ್ಕೂ ಎಣ್ಣೆ ಹಾಕ್ತಾರಾ ಎಂದು ಕೇಳುವ ಆಸಾಮಿ.

‘ಭಾವ, ನೀವು ಕಾರು ಕೊಂಡ್ರಾ, ಇಲ್ಲ ಅದರ ಮನೇಲಿ ಪಹರೆ ಕೆಲಸಕ್ಕೆ ಸೇರಿದ್ರಾ?’

ಸಾಹೇಬರು ಅಳತೆಕಡ್ಡಿಯನ್ನು ತಂದು ಅವನ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಬೇರೆಯವರ ಕಾರುಗಳು ಎಣ್ಣೆ ಕುಡಿಯುತ್ತವೆ, ತಮ್ಮದು ಕುಡಿಯುವುದಿರಲಿ, ತಿಂಗಳಿಂದ ತಿಂಗಳಿಗೆ ಒಂದು ಗೆರೆ ಮೇಲೇ ಇದೆ ಎಂದು ತೋರಿಸುವಾಗ ಅವರ ದನಿಯಲ್ಲಿ ತರಗತಿಗೆ ಮೊದಲು ಬಂದ ಮಗುವಿನ ತಂದೆಯ ಠೀವಿ ಇರುತ್ತಿತ್ತು.

ಆದರೆ ಕಾರಿನ ಹೊಗೆಕೊಳವೆಯಲ್ಲಿ ಒಂದು ಜಾಲರಿಯಿತ್ತು. ಡೀಸೆಲ್ಲಿನ ಹೊಗೆಯಲ್ಲಿನ ಮಸಿ ಊರಿಗೆ ಹಾರದಂತೆ ಹಿಡಿದಿಡುವ ಫಿಲ್ಟರ್ ಅದು. ತುಂಬಿದಾಗ ಎಂಜಿನ್ನು ತಾನಾಗಿಯೇ ಒಂದಿಷ್ಟು ಡೀಸೆಲ್ಲು ಹೆಚ್ಚಿಗೆ ಚೆಲ್ಲಿ, ಕೊಳವೆಯನ್ನು ಕೆಂಡವಾಗಿಸಿ, ಆ ಮಸಿಯನ್ನು ಸುಟ್ಟು ತೆಗೆಯುತ್ತದೆ. ಆಗ ಫ್ಯಾನು ಭೋರಿಡುತ್ತದೆ, ಬಿಸಿ ಕಬ್ಬಿಣದ ವಾಸನೆ ಏಳುತ್ತದೆ. ಅಂಥ ಹೊತ್ತಿನಲ್ಲಿ ಕಾರನ್ನು ನಿಲ್ಲಿಸದೆ ಹೆದ್ದಾರಿಯಲ್ಲಿ ಚುರುಕಾಗಿ ಓಡಿಸಬೇಕು ಎಂದು ಕೈಪಿಡಿಯಲ್ಲಿ ಬರೆದಿತ್ತು. ಸಾಹೇಬರು ಅದನ್ನು ಓದಿದ್ದರು. ಆದರೆ ಲಿಫ್ಟುಗಳ ನಡುವೆ ಕಳೆದ ಆಯಸ್ಸು ಅವರಿಗೆ ಕಲಿಸಿದ್ದು ಬೇರೆ: ಸದ್ದು ಬದಲಾಯಿತೋ, ಮೊದಲು ಕರೆಂಟು ಕಡಿ, ಆಮೇಲೆ ಯೋಚಿಸು. ಫ್ಯಾನು ಭೋರಿಟ್ಟ ಪ್ರತಿ ಸಲವೂ ಅವರ ಕೈ ತಾನಾಗಿ ಕೀಲಿಗೆ ಹೋಗುತ್ತಿತ್ತು. ಮಸಿ ಅರ್ಧ ಸುಟ್ಟು ಉಳಿಯುತ್ತಿತ್ತು. ಹೆಚ್ಚಿಗೆ ಚೆಲ್ಲಿದ ಡೀಸೆಲ್ಲು ಮಾತ್ರ ಎಲ್ಲೋ ಇಳಿಯುತ್ತಿತ್ತು.

ಒಮ್ಮೆ ಈ ಫಿಲ್ಟರಿನ ಕಥೆಯನ್ನು ಹೆಂಡತಿಗೆ ವಿವರಿಸಿದಾಗ ಆಕೆ, ‘ಹಾಗಾದ್ರೆ ಅದಕ್ಕೂ ನನ್ನ ಕಾಯಿಲೆನೇ ಅನ್ನಿ’ ಎಂದಿದ್ದಳು. ಸಾಹೇಬರಿಗೆ ಆ ತಮಾಷೆ ಹಿಡಿಸಿರಲಿಲ್ಲ.

ಒಂದು ದಿನ ಬೆಳಿಗ್ಗೆ ತೂಕದ ಮುಳ್ಳು ಎಂದಿಗಿಂತ ತುಸು ಮುಂದೆ ಹೋಗಿ ನಿಂತಿತು. ಸರದಿಗಳ ನಡುವೆ ಆಕೆಯ ತೂಕ ಏರುವುದೆಂದರೆ ಮೈಯಲ್ಲಿ ನೀರು ನಿಂತಿದೆ ಎಂದೇ ಅರ್ಥ. ಆ ನೀರು ಮೊದಲು ಕಾಲಿಗೆ, ಆಮೇಲೆ ಶ್ವಾಸಕೋಶಕ್ಕೆ. ಸಾಹೇಬರು ಗದರಿದರು. ಎಲ್ಲಿಂದ ಬಂತು ಇಷ್ಟು ತೂಕ, ನಿನ್ನೆ ಕದ್ದು ನೀರು ಕುಡಿದೆಯಾ, ಲೆಕ್ಕ ತಪ್ಪಿದೆಯಾ ಎಂದು ವಿಚಾರಣೆ ನಡೆಸಿದರು. ಆಕೆ ಎಲ್ಲಕ್ಕೂ ಹೂಂ ಅಂದಳು. ಅವರು ಶೆಡ್ಡಿಗೆ ಹೋಗಿ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು, ಕೈ ಒರೆಸಿಕೊಳ್ಳುತ್ತ, ಎಣ್ಣೆ ಇವತ್ತು ಮೇಲಿನ ಗೆರೆಯನ್ನೂ ದಾಟಿದೆ ಎಂದು ಸಡಗರದಿಂದ ವರದಿ ಒಪ್ಪಿಸಿದರು.

ಆಕೆ ಚಹಾ ಸೋಸುತ್ತಿದ್ದಳು. ತನ್ನದು ಅರ್ಧ ಲೋಟ, ಅವರದು ತುಂಬ.

‘ಅದಕ್ಕೆ ಎಲ್ಲಿಂದ ಬಂತು?’ ಎಂದಳು.

‘ಏನು ಎಲ್ಲಿಂದ?’

‘ನನಗೆ ಕೇಳಿದ್ರಲ್ಲ ಈಗ, ಎಲ್ಲಿಂದ ಬಂತು ಅಂತ. ಅದಕ್ಕೂ ಕೇಳಿ. ಯಾರೂ ಹಾಕದೆ ಎಣ್ಣೆ ತಾನಾಗೇ ಹೇಗ್ರೀ ಜಾಸ್ತಿ ಆಗುತ್ತೆ?’

ಸಾಹೇಬರು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟರು. ಆಕೆ ಅದನ್ನು ಎತ್ತಿ ಮೂಸಿ, ಇದು ಬರೀ ಎಣ್ಣೆಯಲ್ಲ, ಪೆಟ್ರೋಲ್ ಬಂಕಿನ ವಾಸನೆ ಹೊಡೀತಿದೆ ಎಂದು ಹೇಳಿ, ಅದನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆಸೆದು ಬಂದಳು. ಆಕೆಗೆ ಆ ವಿಷಯ ಅಲ್ಲಿಗೆ ಮುಗಿಯಿತು.

ಸಾಹೇಬರಿಗೆ ಆಗಷ್ಟೇ ಶುರುವಾಗಿತ್ತು. ಮಧ್ಯಾಹ್ನ ಆಕೆ ಮಲಗಿದ ಮೇಲೆ, ಶೆಡ್ಡಿನ ಮೂಲೆಗೆ ಹೋಗಿ ನಿಂತು, ಕಾರಿಗೆ ಕೇಳಿಸಬಾರದು ಎಂಬಂತೆ ತಗ್ಗಿದ ದನಿಯಲ್ಲಿ, ವರ್ಕ್‌ಶಾಪಿಗೆ ಫೋನು ಮಾಡಿದರು. ಆ ಕಡೆಯವನು ಏನೋ ಜಗಿಯುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡು, ಜಗಿಯುವುದನ್ನು ನಿಲ್ಲಿಸಿದ. ಡೀಸೆಲ್ಲು ಎಣ್ಣೆಗೆ ಸೇರಿ ಮಟ್ಟ ಏರಿದೆ, ಸ್ಟಾರ್ಟ್ ಮಾಡಬೇಡಿ, ಗಾಡಿ ಎಳೆಯುವ ಲಾರಿ ನಾಡಿದ್ದು ಕಳಿಸುತ್ತೇನೆ ಎಂದ. ಮಾಡಿದರೆ ಏನಾಗುತ್ತದೆ ಎಂದು ಸಾಹೇಬರು ಕೇಳಬಾರದಿತ್ತು, ಕೇಳಿದರು.

‘ಆಯಿಲ್ಲು ಉಕ್ಕಿ ಗಾಳಿ ಹೋಗೋ ದಾರಿಗೆ ಬಂತು ಅಂದ್ರೆ, ಎಂಜಿನ್ ಅದನ್ನೇ ಉರಿಸ್ಕೊಂಡು ಓಡಕ್ಕೆ ಶುರು ಮಾಡುತ್ತೆ ಸರ್. ಆಮೇಲೆ ಅದು ನಿಮ್ಮ ಮಾತು ಕೇಳಲ್ಲ. ಕೀ ತೆಗೆದ್ರೂ ನಿಲ್ಲಲ್ಲ. ಒಡೆಯೋವರೆಗೂ ಓಡುತ್ತೆ.’

ನಿಲ್ಲಿಸಲು ದಾರಿಯೇ ಇಲ್ಲವೇ? ಇದೆ: ಆರನೇ ಗೇರಿಗೆ ಹಾಕಿ, ಬ್ರೇಕನ್ನು ನೆಲಕ್ಕೆ ಒತ್ತಿ, ಕ್ಲಚ್ಚು ಬಿಡಬೇಕು, ಎಂಜಿನ್ನು ಕತ್ತು ಹಿಸುಕಿದಂತಾಗಿ ಸಾಯುತ್ತದೆ. ಗೇರು ತಾನಾಗಿ ಬೀಳುವ ಕಾರಾದರೆ? ‘ಇಳಿದು ಓಡ್ಬೇಕು ಸರ್’ ಎಂದು ಆತ ಮತ್ತೆ ಜಗಿಯತೊಡಗಿದ.

ನಾಡಿದ್ದು. ಹೆಂಡತಿಯ ಸರದಿ ನಾಳೆ. ಎಣ್ಣೆಯನ್ನು ತಾವೇ ಬಸಿದುಬಿಡೋಣವೆಂದರೆ ಕಾರನ್ನು ಜಾಕಿನ ಮೇಲೆತ್ತಿ ಅಡಿಗೆ ತೂರಬೇಕು. ಜಾಕು ಜಾರಿ ಅಡಿಯಲ್ಲೇ ಉಳಿದವರ ಸುದ್ದಿಗಳನ್ನು ಅವರು ಓದಿದ್ದರು. ಬಾಡಿಗೆ ಕಾರು ಹಿಡಿಯುವುದು ಎಂದು ನಿಶ್ಚಯಿಸಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಹೆಂಡತಿಗೆ ಏನೂ ಹೇಳಲಿಲ್ಲ. ಮೊದಲೇ ಜೀವ ಹಣ್ಣಾದವಳು, ಅವಳಿಗ್ಯಾಕೆ ಇದೊಂದು ಎಂಬುದು ತಾವೇ ತಮಗೆ ಕೊಟ್ಟುಕೊಂಡ ಕಾರಣ. ಅದರ ಅಡಿಯಲ್ಲಿ ಇನ್ನೊಂದಿತ್ತು: ಒಂದು ವರ್ಷ ಓದಿ ತಂದ ಕಾರನ್ನು ತಾವೇ ಮುದ್ದಿಸಿ ಮುದ್ದಿಸಿ ಕೊಲ್ಲುತ್ತಿದ್ದೇನೆ ಎಂದು ಯಾರ ಮುಂದಾದರೂ ಹೇಳುವುದು ಹೇಗೆ?

ಮರುದಿನ ಬಾಡಿಗೆ ಕಾರಿನವನೊಬ್ಬ ಬರುತ್ತೇನೆಂದು ಒಪ್ಪಿ, ಫೋನಿನ ಪರದೆಯ ಮೇಲೆ ಎರಡು ಬೀದಿ ಸುತ್ತಿ, ಮಾಯವಾದ. ಇನ್ನೊಬ್ಬ ಒಪ್ಪಿದ ಜಾಗದಲ್ಲೇ ಕಲ್ಲಿನಂತೆ ನಿಂತ. ಮೂರನೆಯವನು ಸಿಗಲೇ ಇಲ್ಲ. ಹೆಂಡತಿ ಹೊದಿಕೆ, ನೀರಿನ ಪುಟ್ಟ ಬಾಟಲಿ, ಓದುವ ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಾಲಿನ ಊತಕ್ಕೆ ಚಪ್ಪಲಿಯ ಪಟ್ಟಿ ಬಿಗಿಯಾಗಿ ಚರ್ಮದಲ್ಲಿ ಗೆರೆ ಮೂಡಿತ್ತು. ತಡವಾದರೆ ಯಂತ್ರವನ್ನು ಮುಂದಿನ ರೋಗಿಗೆ ಬಿಟ್ಟುಕೊಡುತ್ತಾರೆ. ಕೇಂದ್ರದವರು ಆ ವಿಷಯದಲ್ಲಿ ಮುಲಾಜು ನೋಡುವವರಲ್ಲ.

ಉಳಿದದ್ದು ಭಾವಮೈದನ ಫೋನ್ ನಂಬರು. ಸಾಹೇಬರು ಅದನ್ನು ಪರದೆಯ ಮೇಲೆ ತಂದುಕೊಂಡರು. ಅಂಗಡಿ ಬಿಟ್ಟು ಓಡಿಬರುವ ಹುಡುಗ ಅವನು, ಅನುಮಾನವಿಲ್ಲ. ಬಂದವನು ಶೆಡ್ಡಿನೊಳಗೆ ಇಣುಕಿ, ‘ಏನ್ ಭಾವ, ರಾಜಕುಮಾರ ಇನ್ನೂ ಎದ್ದಿಲ್ವಾ?’ ಎನ್ನುವುದರಲ್ಲೂ ಅನುಮಾನವಿಲ್ಲ. ಹೆಬ್ಬೆರಳು ಗಾಜಿನ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ನಿನ್ನೆಯವರೆಗೂ ಓಡಿದ ಕಾರು. ದೂರವೂ ಇಲ್ಲ. ಮೆಲ್ಲಗೆ ಹೋದರೆ ಏನೂ ಆಗಲಿಕ್ಕಿಲ್ಲ. ಈ ‘ಆಗಲಿಕ್ಕಿಲ್ಲ’ ಎಂಬ ಮಾತನ್ನು ಲಿಫ್ಟಿನ ಮಾಲೀಕರ ಬಾಯಲ್ಲಿ ಕೇಳಿದಾಗಲೆಲ್ಲ ಅವರು ಆ ಲಿಫ್ಟಿಗೆ ಬೀಗ ಹಾಕಿಸಿದ್ದರು. ಫೋನನ್ನು ಜೇಬಿಗಿಳಿಸಿ ಶೆಡ್ಡಿನ ಬಾಗಿಲು ತೆಗೆದರು.

ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅದು ಎಂದೂ ಕೈಕೊಟ್ಟಿರಲಿಲ್ಲ ನೋಡಿ.

ಬೀದಿ ದಾಟುವವರೆಗೂ ಅವರು ಉಸಿರು ಬಿಟ್ಟಿದ್ದೇ ನೆನಪಿಲ್ಲ. ಕಣ್ಣು ರಸ್ತೆಯ ಮೇಲೆ, ಜೀವವೆಲ್ಲ ಕಿವಿಯಲ್ಲಿ. ರಸ್ತೆಯ ಪ್ರತಿ ಉಬ್ಬಿಗೂ ಎಣ್ಣೆ ಒಳಗೆ ತುಳುಕುವುದು ಕೇಳಿದಂತಾಗುತ್ತಿತ್ತು. ಹಾಗೆ ಕೇಳಿಸುವುದು ಸಾಧ್ಯವಿಲ್ಲವೆಂದು ಅವರಿಗೇ ಗೊತ್ತು. ಸ್ಟಿಯರಿಂಗು ಬೆವರಿಗೆ ಜಾರುತ್ತಿತ್ತು. ಹೆಂಡತಿ ಕಿಟಕಿಯಾಚೆ ನೋಡುತ್ತ, ನಿನ್ನೆ ಫೋನಿನಲ್ಲಿ ಓರಗಿತ್ತಿ ಹೇಳಿದ ಯಾವುದೋ ಜಗಳದ ಕಥೆಯನ್ನು ಹೇಳುತ್ತಿದ್ದಳು. ಅವರು ಹೂಂಗುಟ್ಟುವ ಜಾಗಗಳನ್ನು ತಪ್ಪಿಸುತ್ತಿದ್ದರು.

ಎರಡನೇ ಸಿಗ್ನಲ್ಲಿನಲ್ಲಿ ನಿಂತಾಗ ಫ್ಯಾನು ಭೋರಿಟ್ಟಿತು.

ಮಸಿ ಸುಡಲು ಶುರುವಾಗಿದೆ. ಎಂದಿನಂತೆ ಕೈ ಕೀಲಿಗೆ ಹಾರಿತು. ಅರ್ಧ ದಾರಿಯಲ್ಲಿ ನಿಂತಿತು. ಆರಿಸಿದರೆ ಇನ್ನಷ್ಟು ಡೀಸೆಲ್ಲು ಎಣ್ಣೆಗಿಳಿಯುತ್ತದೆ, ಮತ್ತೆ ಸ್ಟಾರ್ಟ್ ಮಾಡಲೇಬೇಕು. ಆರಿಸದೆ ಜೋರಾಗಿ ಓಡಿಸಿದರೆ ಏರಿದ ಎಣ್ಣೆ ಉಕ್ಕುತ್ತದೆ. ಮೆಲ್ಲಗೆ ಹೋದರೆ ಎಂಜಿನ್ನು ಚೆಲ್ಲುವುದನ್ನು ನಿಲ್ಲಿಸುವುದಿಲ್ಲ. ಯಾವ ಕಡೆ ಕಾಲಿಟ್ಟರೂ ಹಾವು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ದೀಪ ಹಸಿರಾಗಿ ಎಷ್ಟು ಹೊತ್ತಾಗಿತ್ತೋ.

‘ಏನ್ರೀ, ಮೈ ಸರಿ ಇಲ್ವಾ? ಮುಖ ಬಿಳಿಚ್ಕೊಂಡಿದೆ’ ಎಂದಳು ಹೆಂಡತಿ.

ಸೆಕೆ ಎಂದು ಹೇಳಿ ಅವರು ಕ್ಲಚ್ಚು ಬಿಟ್ಟರು. ಮುಂದೆ ಫ್ಲೈಓವರು. ಅದನ್ನು ಹತ್ತಿ ಇಳಿದರೆ ಕೇಂದ್ರದ ಬೋರ್ಡು ಕಾಣುತ್ತದೆ. ಏರಿನಲ್ಲಿ ಆಕ್ಸಿಲರೇಟರನ್ನು ಸ್ವಲ್ಪ ಒತ್ತಬೇಕಾಯಿತು. ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತಿದರು. ಅರ್ಧ ಏರಿದ ಮೇಲೆ ಕಾಲು ತೆಗೆದರು.

ಕಾರು ನಿಧಾನವಾಗಲಿಲ್ಲ.

ಮೊದಲು ಅದು ಬರೀ ಒಂದು ಹುಮ್ಮಸ್ಸಿನಂತಿತ್ತು, ಮನೆಯ ದಾರಿ ಹಿಡಿದ ದನ ಕಾಲು ಎತ್ತಿ ಹಾಕುವ ಹಾಗೆ. ಆಮೇಲೆ ಎಂಜಿನ್ನಿನ ದನಿ ಏರಿತು, ಏರುತ್ತಲೇ ಹೋಯಿತು. ಸಾಹೇಬರು ಆ ಕಾರಿನ ಗಂಟಲಲ್ಲಿ ಎಂದೂ ಕೇಳಿರದ ಒಂದು ಸಪೂರ ಕಿರುಚಾಟವಾಯಿತು. ಅವರು ಕ್ಲಚ್ಚು ತುಳಿದರು. ಭಾರ ತಪ್ಪಿದ್ದೇ ತಡ, ಮೀಟರಿನ ಮುಳ್ಳು ಕೆಂಪು ಗೆರೆಯನ್ನು ದಾಟಿ ಇನ್ನು ದಾಟಲು ಜಾಗವಿಲ್ಲದೆ ಅದುರುತ್ತ ನಿಂತಿತು. ಹೇಗೋ ಬ್ರೇಕು ಒತ್ತಿ, ಅಂಚಿನ ಗೋಡೆಗೆ ಉಜ್ಜಿಸಿಕೊಂಡೇ, ಕಾರನ್ನು ನಿಲ್ಲಿಸಿದರು. ಕೀಲಿ ತಿರುಗಿಸಿದರು. ದೀಪಗಳೆಲ್ಲ ಆರಿದವು. ಎಂಜಿನ್ನು ಕಿರುಚುತ್ತಲೇ ಇತ್ತು. ಕೀಲಿಯನ್ನು ಎಳೆದು ಹೊರಗೆ ತೆಗೆದರು. ಅದು ಅವರ ಅಂಗೈಯಲ್ಲಿ ಬೆಚ್ಚಗೆ, ನಿರುಪಯೋಗಿಯಾಗಿ ಕೂತಿತ್ತು, ಎಂಜಿನ್ನು ಕಿರುಚುತ್ತಲೇ ಇತ್ತು.

ಹಿಂದೆ ರಸ್ತೆಯೇ ಕಾಣುತ್ತಿರಲಿಲ್ಲ. ಬಿಳಿ ಹೊಗೆ ಗೋಡೆಯಂತೆ ಎದ್ದು ಗಾಡಿಗಳನ್ನೆಲ್ಲ ನುಂಗಿತ್ತು. ಒಳಗೆಲ್ಲೋ ಜನ ಕೂಗುತ್ತಿದ್ದರು. ಬಾನೆಟ್ಟು ಜ್ವರ ಬಂದವರ ಹಲ್ಲಿನಂತೆ ಕಟಕಟಿಸುತ್ತಿತ್ತು.

‘ಇಳಿ’ ಎಂದರು ಸಾಹೇಬರು. ‘ಇಳಿದು ಓಡು. ಹಿಂದಕ್ಕೆ ಓಡು.’

ಆಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಅವರ ಮುಖವನ್ನು ನೋಡುತ್ತಿದ್ದಳು, ಬಾಗಿಲನ್ನಲ್ಲ. ಮತ್ತೆ ಇಳಿ ಎಂದು ಅರಚಿದರು. ಆಕೆ ಬೆಲ್ಟಿಗೆ ಕೈಯನ್ನೂ ಹಾಕಲಿಲ್ಲ.

ಆರನೇ ಗೇರು. ಅದು ಬಲಕ್ಕೆ, ಕೊನೆಗೆ, ಕೆಳಗೆ. ಅವರು ಆ ಗೇರನ್ನು ಇಂದಿನವರೆಗೂ ಬಳಸಿರಲಿಲ್ಲ. ಅಷ್ಟು ವೇಗಕ್ಕೆ ಅವರು ಹೋದವರೇ ಅಲ್ಲ. ಕೈ ಎರಡು ಸಲ ತಪ್ಪಿತು, ಮೂರನೇ ಸಲ ಗೇರು ಕಟಕ್ಕೆಂದು ಕೂತಿತು. ಬ್ರೇಕನ್ನು ಇಡೀ ಮೈಯಿಂದ ಒತ್ತಿ, ಬೆನ್ನು ಸೀಟಿಗೆ ಆನಿಸಿ, ಕಣ್ಣು ಮುಚ್ಚಿ, ಕ್ಲಚ್ಚಿನಿಂದ ಎಡಗಾಲನ್ನು ಪಕ್ಕಕ್ಕೆ ಜಾರಿಸಿಬಿಟ್ಟರು. ಕಾರು ಒದ್ದಾಡಿತು. ಮೂತಿಯನ್ನು ನೆಲಕ್ಕೆ ಕುಕ್ಕಿ, ಎರಡು ಸಲ ಜಿಗಿದು, ಅಡಿಯಲ್ಲಿ ಏನೋ ಮುರಿದ ಸದ್ದು ಮಾಡಿ, ಸತ್ತಿತು.

ಆ ನಿಶ್ಶಬ್ದಕ್ಕೆ ಕಿವಿ ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಸುಟ್ಟ ರಬ್ಬರಿನ, ಎಣ್ಣೆಯ ವಾಸನೆ. ಸಾಹೇಬರ ಬಲಗಾಲು ಬ್ರೇಕಿನ ಮೇಲೆ ಮರಗಟ್ಟಿ ಹೋಗಿ ತೆಗೆಯಲು ಬರಲಿಲ್ಲ. ಆಕೆಯೇ ಬಗ್ಗಿ, ಮಂಡಿಯ ಹಿಂದೆ ಕೈಹಾಕಿ ಎತ್ತಿ ತೆಗೆದಳು. ಇಬ್ಬರೂ ಇಳಿದು ಗೋಡೆಗೆ ಒರಗಿ ನಿಂತರು.

‘ನಿಮಗೆ ಗೊತ್ತಿತ್ತಾ?’ ಎಂದಳು.

ಆಗ ಒಂದು ಸುಳ್ಳು ಸುಲಭವಾಗಿ ಸಿಗುತ್ತಿತ್ತು. ಹುಡುಕಲು ಅವರಿಗೆ ತ್ರಾಣವಿರಲಿಲ್ಲ.

‘ಗೊತ್ತಿತ್ತು.’

‘ಯಾವಾಗಿಂದ?’

‘ನಿನ್ನೆ ಮಧ್ಯಾಹ್ನದಿಂದ.’

ಆಕೆ ಚೀಲದಿಂದ ಫೋನು ತೆಗೆದು ತಮ್ಮನಿಗೆ, ಫ್ಲೈಓವರಿನ ಮೇಲಿದ್ದೇವೆ, ಬಾ ಎಂದಷ್ಟೇ ಹೇಳಿದಳು. ಬೈದಿದ್ದರೆ ಸಾಹೇಬರಿಗೆ ಎಷ್ಟೋ ಹಿತವಾಗುತ್ತಿತ್ತು.

ಭಾವಮೈದ ನೆಗ್ಗಿದ ಕಾರನ್ನು ತಂದು ನಿಲ್ಲಿಸಿದ. ಹಿಂದಿನ ಸೀಟಿನ ಮೇಲೆಲ್ಲ ಇಸ್ತ್ರಿ ಮಾಡಿದ ಯಾರದೋ ಅಂಗಿಗಳು ಪ್ಲಾಸ್ಟಿಕ್ಕಿನೊಳಗೆ ನೇತಾಡುತ್ತಿದ್ದವು. ಸಾಹೇಬರು ಅವುಗಳ ನಡುವೆ ತಲೆ ತೂರಿಸಿ ಕೂತರು. ಅವನು ಕಡುನೀಲಿ ಕಾರನ್ನೊಮ್ಮೆ, ಅದರ ಅಡಿಯಿಂದ ಹರಿದ ಕಪ್ಪು ಮಡುವನ್ನೊಮ್ಮೆ ನೋಡಿದ. ಈಗ ಬರುತ್ತದೆ ಎಂದು ಸಾಹೇಬರು ಮೈ ಬಿಗಿಹಿಡಿದರು. ಬರಲಿಲ್ಲ. ದಾರಿಯುದ್ದಕ್ಕೂ ಅವನು ಒಂದು ತಮಾಷೆಯನ್ನೂ ಮಾಡಲಿಲ್ಲ, ಕನ್ನಡಿಯಲ್ಲಿ ಅವರ ಕಣ್ಣು ತಪ್ಪಿಸುತ್ತಿದ್ದ. ಅದರಿಂದಲೇ ಸಾಹೇಬರಿಗೆ ತಾವೆಷ್ಟು ಹತ್ತಿರ ಹೋಗಿ ಬಂದೆವೆಂಬುದು ಪೂರ್ತಿ ಅರ್ಥವಾಯಿತು. ಕೇಂದ್ರದ ಮುಂದೆ ಇಳಿಸುವಾಗ ಮಾತ್ರ, ‘ಒಂದು ಫೋನ್ ಮಾಡ್ಬಾರ್ದಿತ್ತಾ ಭಾವ?’ ಎಂದ.

ಸರದಿ ತಪ್ಪಿರಲಿಲ್ಲ, ಅದೂ ಕೂದಲೆಳೆಯಲ್ಲಿ. ಮುಂದಿನ ರೋಗಿ ಇನ್ನೂ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಕೇಂದ್ರದ ಟೆಕ್ನಿಷಿಯನ್ನು ಗೊಣಗುತ್ತಲೇ ಸೂಜಿ ಚುಚ್ಚಿದಳು, ಟ್ಯೂಬುಗಳಲ್ಲಿ ಕೆಂಪು ಏರಿತು, ಯಂತ್ರ ತಿರುಗತೊಡಗಿತು. ಸಾಹೇಬರು ಪಕ್ಕದ ಸ್ಟೂಲಿನ ಮೇಲೆ ಅಪರಾಧಿಯಂತೆ ಕೂತರು. ಆಮೇಲೆ ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿದಳು:

‘ಭಯ ಇದ್ರೆ ನನಗೂ ಸ್ವಲ್ಪ ಕೊಡಿ. ಒಬ್ರೇ ಇಟ್ಕೊಂಡು ಏನ್ ಮಾಡ್ತೀರಿ? ಇನ್ನು ಮೇಲೆ ಮುಚ್ಚಿಡ್ಬೇಡಿ. ಏನೇನಿದೆ, ಹೇಳಿ.’

ಈ ಆಹ್ವಾನದ ಪರಿಣಾಮವನ್ನು ಆಕೆ ಯೋಚಿಸಿದ್ದಂತಿಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮೊದಲಿಗೆ ಈ ಕಟ್ಟಡದ ಜನರೇಟರು. ಕರೆಂಟು ಹೋದ ಹೊತ್ತಿಗೆ ಅದರಲ್ಲಿ ಡೀಸೆಲ್ಲು ಇರುತ್ತದೆಂದು ನೋಡಿದವರಾರು? ಆಮೇಲೆ ನಿದ್ದೆಯಲ್ಲಿ ಆಕೆ ಕೈ ತಿರುಗಿಸಿದರೆ ಸೂಜಿ ಕಳಚುವ ಸಂಗತಿ. ಅಡುಗೆಮನೆಯ ಗ್ಯಾಸಿನ ಟ್ಯೂಬು, ಬಚ್ಚಲಿನ ಒದ್ದೆ ನೆಲ, ನೀರು ಕಾಯಿಸುವ ಯಂತ್ರದ ಹಳೆಯ ವೈರು, ಮೂಲೆಮನೆಯವರ ನಾಯಿ. ರಾತ್ರಿ ಆಕೆಯ ಉಸಿರು ಕೇಳಿಸದಿದ್ದರೆ ಎದ್ದು ಕೂರುವುದು, ಕೇಳಿಸಿದರೆ ಅದು ಸರಿಯಾದ ಉಸಿರೇ ಎಂದು ಎದ್ದು ಕೂರುವುದು. ಒಂದು ಕೈಗೆ ಎರಡು ಟ್ಯೂಬು ಸಿಕ್ಕಿಸಿಕೊಂಡು ಮಲಗಿದವಳಿಗೆ ಎದ್ದು ಹೋಗುವ ದಾರಿಯಿರಲಿಲ್ಲ. ಪಕ್ಕದ ಹಾಸಿಗೆಯ ಮುದುಕರೊಬ್ಬರು ಕಿವಿಯಂತ್ರವನ್ನು ಸರಿಪಡಿಸಿಕೊಂಡು ಈ ಕಡೆಗೆ ಹೊರಳಿದರು.

‘ಮುಗೀತಾ?’ ಎಂದಳು ಆಕೆ, ಬಹಳ ಹೊತ್ತಿನ ಮೇಲೆ.

‘ಇಲ್ಲ, ಇನ್ನೂ ಇದೆ.’

‘ಇರ್ಲಿ. ನಂದೊಂದಿದೆ, ಕೇಳಿ.’ ಕಣ್ಣು ಈಗಲೂ ಮುಚ್ಚಿಯೇ ಇತ್ತು. ‘ಅದು ಹಾಗೆ ಕಿರುಚ್ತಾ ಇತ್ತಲ್ಲ, ನೀವು ಇಳಿ ಇಳಿ ಅಂದ್ರಿ. ನಾನು ಇಳೀಲಿಲ್ಲ. ಅದು ಧೈರ್ಯ ಅಂದ್ಕೋಬೇಡಿ. ಏನೂ ಅನ್ನಿಸ್ಲೇ ಇಲ್ಲ ರೀ. ಆದ್ರೆ ಆಗ್ಲಿ ಅನ್ನೋ ಹಾಗಿತ್ತು. ಇಷ್ಟೂ ದಿನ ಇಲ್ಲಿಗೆ ಬಂದು ಬಂದು ಸಾಯೋ ಭಯ ಯಾವಾಗ ಹೊರಟುಹೋಯ್ತೋ ನನಗೇ ಗೊತ್ತಾಗಿಲ್ಲ. ಈಗ ಅದನ್ನ ನೆನೆಸ್ಕೊಂಡ್ರೆ ಭಯ ಆಗ್ತಿದೆ.’

ಸಾಹೇಬರ ಭಯಗಳಿಗೆಲ್ಲ ಒಂದೊಂದು ಟ್ಯೂಬು, ಒಂದೊಂದು ವೈರು, ಯಾವುದಾದರೊಂದು ಬದಲಾಯಿಸಬಹುದಾದ ಭಾಗವಾದರೂ ಇತ್ತು. ಇದಕ್ಕೆ ಎಲ್ಲಿ ಕೈಹಾಕಬೇಕು?

‘ಎಷ್ಟು ಭಯ ಆಗ್ತಿದೆ?’ ಎಂದು ಕೇಳಿದರು ಕೊನೆಗೆ.

‘ತುಂಬಾ.’

‘ಒಳ್ಳೇದು’ ಎಂದರು. ಹೇಳಿದ ಮೇಲೆ ತಮ್ಮ ಮಾತು ತಮಗೇ ವಿಚಿತ್ರವಾಗಿ ಕೇಳಿಸಿತು.

ಆಕೆ ಸೂಜಿಯಿಲ್ಲದ ಕೈಯನ್ನು ಹೊದಿಕೆಯಿಂದ ಹೊರಗೆ ಹಾಕಿದಳು. ಅದು ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು. ಸಾಹೇಬರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ನಡುಕ ಎಲ್ಲಿ ನಿಂತುಬಿಡುತ್ತದೋ ಎಂದು ಹೆದರುತ್ತ ಕೂತರು.